ಮಲ್ಪೆಯಾನ ಮೀಮಾಂಸೆ

ಬಸವಕಲ್ಯಾಣದವರು ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬಹುದೇ, ಹೋಗುವುದಾದರೆ ಯಾವಾಗ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಯಾಕೋ ಮುಟ್ಟಿಲ್ಲ. ವಿಜ್ಞಾನೇಶ್ವರ ಇದೇ ಬಸವಕಲ್ಯಾಣದ ಆಸ್ಥಾನದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಎಂದ. ಕ್ರೂಸರ್ ಗಾಡಿಯ ಕಿಟಕಿ ಸೀಟು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬಲ್ಲಿ ಮಾತ್ರ ಆತ ಮೌನಿ. ಜೀಮೂತವಾಹನನ ದಾಯಭಾಗವನ್ನು ನಂಬಿದರೆ ಅಪ್ಪ ತೀರಿಕೊಂಡ ಮೇಲಷ್ಟೇ ಮಗನಿಗೆ ಹಕ್ಕು. ನಮ್ಮ ಹುಡುಗರು ಅಪ್ಪಟ ಮಿತಾಕ್ಷರದವರು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಹಕ್ಕು ಸ್ಥಾಪಿಸುತ್ತಾರೆ.

ಇನ್ನು ದೂರದ ವಿಚಾರ. ಅದೇ ಆಸ್ಥಾನದ ದೊರೆ, ಚಾಲುಕ್ಯರ ಆರನೇ ವಿಕ್ರಮಾದಿತ್ಯನಿಗೆ (ಆಳ್ವಿಕೆ 1076–1126) ಈ ತೊಂದರೆ ಇರಲಿಲ್ಲ. ಗೋವೆಯ ಕದಂಬ ಎರಡನೇ ಜಯಕೇಶಿಗೆ ಮಗಳು ಮೈಲಳದೇವಿಯನ್ನು ಕೊಟ್ಟಿದ್ದ. ಕಡಲು ನೋಡಬೇಕೆನಿಸಿದರೆ ಅಳಿಯನ ಮನೆ ಇತ್ತು. ಬೀಗರೂರಿಗೆ ಟಿಕೆಟ್ ಕೇಳುವವರು ಯಾರು? ನಮಗೀಗ ಅತಿ ಹತ್ತಿರದ ಕಡಲು ಕೊಂಕಣದ್ದು, ಮಹಾರಾಷ್ಟ್ರದ ಪಾಲು. ಸ್ವಂತ ರಾಜ್ಯದ ಕಡಲನ್ನೇ ನೋಡುತ್ತೇವೆಂಬ ಅಭಿಮಾನಕ್ಕೆ ಏಳುನೂರು ಕಿಲೋಮೀಟರಿನ ಆಸುಪಾಸು ದಂಡ ಕಟ್ಟಬೇಕು.

ದಾರಿಯ ವಿಷಯದಲ್ಲಿ ಎರಡು ಪಂಥಗಳಿವೆ. ಕಲ್ಯಾಣ ಪಂಥದವರು ಕಲಬುರಗಿ, ವಿಜಯಪುರ, ಹುಬ್ಬಳ್ಳಿ ಹಿಡಿದು ಘಾಟ್ ಇಳಿಯುವುದೇ ಪ್ರಮಾಣ ಎನ್ನುತ್ತಾರೆ. ಹುಮನಾಬಾದ್ ಪಂಥದವರಿಗೆ 2017ರಲ್ಲಿ ಬೀದರ್–ಕಲಬುರಗಿ ರೈಲು ಬಂದಾಗಿನಿಂದ ಸ್ವಲ್ಪ ಸೊಕ್ಕು. ರೈಲಿನಲ್ಲಿ ಬೆಂಗಳೂರು ಮುಟ್ಟಿ ರಾತ್ರಿ ಬಸ್ಸಿನಲ್ಲಿ ಉಡುಪಿಗೆ ಇಳಿಯುವುದು ಅವರ ಸಿದ್ಧಾಂತ. ಪಶ್ಚಿಮಕ್ಕೆ ಹೋಗಲು ಇಡೀ ರಾಜ್ಯ ದಕ್ಷಿಣಕ್ಕೆ ದಾಟುವುದು ಯಾವ ನ್ಯಾಯ ಎಂದರೆ, "ರೈಲಿನ್ಯಾಗ ಕಾಲು ಚಾಚಲಿಕ್ಕ ಬರ್ತದ" ಎಂಬ ಒಂದೇ ಉತ್ತರ. ಅದಕ್ಕೆ ಖಂಡನೆ ಇಲ್ಲ.

ಕಾಲನಿರ್ಣಯವಂತೂ ಬೇಸಿಗೆಯಲ್ಲೇ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದರಿಂದ, ಉಳಿದ ಹೊತ್ತು ಯೋಜನೆಗೇ ಮೀಸಲು. ಶೇಂಗಾ ಹಿಂಡಿ ಎಷ್ಟು, ಕಡಕ್ ರೊಟ್ಟಿ ಎಷ್ಟು, ಕಾಕಾನ ಮಂಡಿನೋವಿನ ಎಣ್ಣೆ ಯಾವ ಚೀಲದಲ್ಲಿ, ಎಲ್ಲಕ್ಕೂ ಠರಾವು ಆಗುತ್ತದೆ. ಪ್ಲಾಸ್ಟಿಕ್ಕನ್ನು ದ್ವೀಪಕ್ಕೆ ಬಿಡುವುದಿಲ್ಲವೆಂದು ತಿಳಿದ ದಿನ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟುವ ಬಗ್ಗೆ ಅರ್ಧ ಸಂಜೆ ಚರ್ಚೆ. ಬೋಟಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಸಮುದ್ರ ಎಲ್ಲಿ ಓಡಿ ಹೋಗ್ತದ ಎಂಬ ಭರವಸೆ.

ಸಮುದ್ರ ಓಡಿ ಹೋಗುವುದಿಲ್ಲ, ಸರಿ. ಬೋಟು ನಿಲ್ಲುತ್ತದೆ. ಮುಂಗಾರಿಗೆ ಮುನ್ನವೇ ಮಲ್ಪೆಯಿಂದ ದ್ವೀಪಕ್ಕೆ ಹೋಗುವ ಬೋಟುಗಳನ್ನು ಕಟ್ಟಿಬಿಡುತ್ತಾರೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆಯೇ ಮತ್ತೆ ಬಿಡುವುದು. ಬಿಟ್ಟ ಮೇಲೂ ಗಾಳಿ ಎದ್ದ ದಿನ ಇಲ್ಲ. ಗಾಳಿ ಇಲ್ಲದ ದಿನವೂ ಬೋಟು ತುಂಬುವಷ್ಟು ಜನ ಸೇರಬೇಕು, ಸಂಜೆಗೆ ಎಲ್ಲರೂ ವಾಪಸು ಬರಬೇಕು, ರಾತ್ರಿ ಉಳಿಯುವಂತಿಲ್ಲ.

ಇಲ್ಲಿಯೇ ನಮ್ಮ ಪಂಡಿತಸಭೆಯ ಅತಿ ದೊಡ್ಡ ವಾದ ಹುಟ್ಟಿತು. 2013ರಿಂದ ಸಂವಿಧಾನದ 371(ಜೆ) ವಿಧಿಯಲ್ಲಿ ನಮ್ಮ ಜಿಲ್ಲೆಗಳಿಗೆ ಶಿಕ್ಷಣ, ನೌಕರಿಯಲ್ಲಿ ಮೀಸಲು ಇದೆಯಲ್ಲ, ಬೋಟಿನ ಸೀಟಿಗೂ ಅದು ಅನ್ವಯಿಸುತ್ತದೆಯೇ? ಕಾಕಾ ಅನ್ವಯಿಸುತ್ತದೆ ಎಂದರು. ಅರ್ಹತಾ ಪ್ರಮಾಣಪತ್ರದ ಝೆರಾಕ್ಸ್ ಕೂಡ ಫೈಲಿಗೆ ಹಾಕಿದರು. ಇನ್ನೊಬ್ಬರು ಶಾಸಕರ ಲೆಟರ್ ತರುತ್ತೇನೆಂದರು. ಗಾಳಿಗೆ ಲೆಟರ್ ಓದಲು ಬರುವುದಿಲ್ಲ ಎಂಬುದು ಈ ಪ್ರಬಂಧಕಾರನ ನಮ್ರ ನಿಲುವು. ಕಚೇರಿ, ಬಸ್ಸು, ದೇವಸ್ಥಾನದ ದರ್ಶನದ ಸಾಲು ಎಲ್ಲೆಡೆಯೂ ನಡೆದ ವಶೀಲಿ ಮಲ್ಪೆ ಬಂದರಿನಲ್ಲಿ ನಡೆಯದೆಂಬ ಸತ್ಯವನ್ನು ಸಭೆ ಅರಗಿಸಿಕೊಳ್ಳಲಿಲ್ಲ. ಸಂಜೆಯ ಚಹಾ ತಡವಾಗಿಯೇ ಬಂತು.

ಪೂರ್ವಪಕ್ಷವೊಂದು ಉಳಿಯಿತು: ಅಷ್ಟು ದೂರ ಹೋಗಿ ನೋಡುವುದೇನು, ಕಲ್ಲೇ ತಾನೆ? ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋದರೆ ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯೇ ಇದ್ದಾಳೆ. ಬೋಟು ಬೇಡ, ಟಂಟಂ ಸಾಕು. ಇದಕ್ಕೆ ಭೂವಿಜ್ಞಾನದಿಂದ ಸಮಾಧಾನ ಹೇಳಬೇಕಾಯಿತು. ನಮ್ಮ ಕಾಲಡಿಯ ಕರಿಕಲ್ಲು, ದಖ್ಖನ್ನಿನ ಲಾವಾ, ಸುಮಾರು 6.6 ಕೋಟಿ ವರ್ಷದ್ದು. ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದಲ್ಲಿ ಉಕ್ಕಿ, ತಣಿದು ಐದು ಮೂಲೆ, ಆರು ಮೂಲೆಯ ಕಂಬಗಳಾಗಿ ಸೀಳಿದ ದ್ವೀಪದ ಕಲ್ಲು ಸುಮಾರು 8.8 ಕೋಟಿ ವರ್ಷದ್ದು. ಅಂದರೆ ನಮ್ಮದಕ್ಕಿಂತ ಎರಡು ಕೋಟಿಗೂ ಹೆಚ್ಚು ವರ್ಷ ಹಿರಿಯದು. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಇಳಿದನೆಂಬ ಪ್ರತೀತಿ ಇದರ ಮುಂದೆ ನಿನ್ನೆಯ ಸುದ್ದಿ. ಹಿರಿಯರಿದ್ದಲ್ಲಿಗೆ ಕಿರಿಯರೇ ಹೋಗಬೇಕಾದ್ದು ಧರ್ಮ ಎಂದೆ.

"ಅದು ಖರೇ ಅದರಿ," ಎಂದರು ಕಾಕಾ, ಫೈಲು ಮಡಚುತ್ತ. "ದಸರಾ ಸೂಟಿ ಕಳೀಲಿ. ಆದ್ರ ಗಾಡಿಗಿ ಅಡ್ವಾನ್ಸ್ ಕೊಟ್ಟೇವಲ್ಲ, ಅದಕ್ಕೇನು ಶಾಸ್ತ್ರ ಅದ ಹೇಳ್ರಿ."