ಜೆ.ಸಿ. ರಸ್ತೆಯ ಪ್ರಾಣಾಯಾಮ

ಹಳೆ ಎಸ್ಟೀಮ್ ಕಾರು ಓಡಿಸುವವರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಶೇಷ ಮರ್ಯಾದೆ. ಟೈರು ಬೋಳಾಗಿದೆ, ಬುಷ್ ಹೋಗಿ ಹಂಪು ಬಂದಾಗಲೆಲ್ಲ ಕಟಕಟ ಅನ್ನುತ್ತದೆ, ಸ್ಪಾರ್ಕ್ ಪ್ಲಗ್ ಬದಲಿಸಿ ಯಾವ ಕಾಲವಾಯಿತೋ. ಇದ್ಯಾವುದೂ ಅಲ್ಲಿನ ಬಿಡಿಭಾಗದ ಅಂಗಡಿಯವರ ಕಣ್ಣಿಗೆ ಬೀಳುವುದಿಲ್ಲ. ಬಾನೆಟ್ ಎತ್ತಿ, ಏರ್ ಫಿಲ್ಟರಿನ ಕಪ್ಪು ಡಬ್ಬಿಯನ್ನು ಬೆರಳಲ್ಲಿ ತಟ್ಟಿ, ಲೊಚಗುಟ್ಟುತ್ತಾರೆ: "ಪಾಪ ಸಾರ್, ನಿಮ್ ಗಾಡಿಗೆ ಉಸಿರೇ ಆಡ್ತಿಲ್ಲ."

ಪರಿಹಾರ ಶೋಕೇಸಿನಲ್ಲೇ ಇದೆ. ಎಣ್ಣೆ ಸವರಿದ ಕೆಂಪು ಬಟ್ಟೆಯ ಫಿಲ್ಟರು, ಫಳಫಳ ಹೊಳೆಯುವ ಮುಚ್ಚಳ, ಬೆಲೆ ಸಾವಿರಗಳಲ್ಲಿ. ಕೆಲವು ನೂರು ರೂಪಾಯಿಯ ಕಾಗದದ ಫಿಲ್ಟರು ಡಬ್ಬಿಯ ಸಮೇತ ಗುಜರಿಗೆ. ಸ್ಟಿಕ್ಕರ್ ಪುಕ್ಕಟೆ, ಐದಾರು ಅಶ್ವಶಕ್ತಿ ಅದರಲ್ಲೇ ಇದೆಯೆಂದು ನಂಬುವ ಭಕ್ತರಿಗೇನೂ ಕೊರತೆಯಿಲ್ಲ.

ಗುಜರಿಗೆ ಹೋದ ಡಬ್ಬಿ ಸುಮ್ಮನೆ ಕೂತಿರಲಿಲ್ಲ. ಇಂಜಿನ್ನಿನ ಕಾವು ತಾಗದಂತೆ ಹೊರಗಿನ ತಂಪು ಗಾಳಿ ತಂದುಕೊಡುತ್ತಿತ್ತು. ಈಗ ಬಯಲಿಗೆ ಬಿದ್ದ ಫಿಲ್ಟರು ಬಾನೆಟ್ ಕೆಳಗಿನ ಬಿಸಿಗಾಳಿಯನ್ನೇ ಹೀರುತ್ತದೆ. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇಕಡ 1ರಷ್ಟು ಇಳಿಯುತ್ತದೆ. 30 ಡಿಗ್ರಿ ಏರಿದರೆ ಶೇಕಡ 9ರಷ್ಟು. ಉಸಿರೇನೋ ಸರಾಗವಾಯಿತು, ಉಸಿರಾಡಲು ಗಾಳಿಯೇ ಕಮ್ಮಿ!

"ಮೈಲೇಜೂ ಜಾಸ್ತಿ ಬರುತ್ತೆ ಸಾರ್." ಇದು ಕಾರ್ಬ್ಯುರೇಟರ್ ಕಾಲದ ಮಂತ್ರ. ಎಂಪಿಎಫ್‌ಐ, ಅಂದರೆ ಪೆಟ್ರೋಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಲೆಕ್ಕ ಇಡುವುದಕ್ಕೆ ಕಂಪ್ಯೂಟರ್ ಇದೆ. ಬಂದ ಗಾಳಿಯನ್ನು ಅಳೆದು, ಸಾಮಾನ್ಯ ಓಟದಲ್ಲಿ 14.7 ಪಾಲು ಗಾಳಿಗೆ 1 ಪಾಲಿನಂತೆ ಪೆಟ್ರೋಲ್ ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇಂಜೆಕ್ಷನ್ ಕಾರುಗಳಿಗೆ ಕಟ್ಟಿಹೋದ ಫಿಲ್ಟರ್ ಹಾಕಿಯೇ ಪರೀಕ್ಷಿಸಿತು. ಪಿಕಪ್ ಕುಂದಿತು, ಮೈಲೇಜ್ ಹೇಳಿಕೊಳ್ಳುವಷ್ಟು ಕದಲಲಿಲ್ಲ. ಕೊಳಕು ಫಿಲ್ಟರಿಗೇ ಇಳಿಯದ ಮೈಲೇಜು ಕೆಂಪು ಫಿಲ್ಟರಿಗೆ ಏರುವುದು ಎಲ್ಲಿಂದ?

ಹಾಗಾದರೆ ಪಿಕಪ್? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವಾಗ ಗಾಳಿಗೆ ಅಡ್ಡ ನಿಂತಿರುವುದು ಫಿಲ್ಟರಲ್ಲ, ಮುಕ್ಕಾಲು ಮುಚ್ಚಿದ ಥ್ರಾಟಲ್. ಆದರೆ ಸದ್ದು! ಡಬ್ಬಿ ಅಡಗಿಸಿಟ್ಟಿದ್ದ ಗಾಳಿಯ ಗೊರಗೊರ ಈಗ ಡ್ಯಾಶ್‌ಬೋರ್ಡ್ ದಾಟಿ ನೇರ ಮಾಲೀಕರ ಕಿವಿಗೆ. "ಹೆಂಗೆ ಎಳೀತಿದೆ ನೋಡು ಗುರು!" ಎಂದು ಪಕ್ಕದವನ ತೊಡೆ ತಟ್ಟುವಷ್ಟರಲ್ಲಿ ಬಿಎಂಟಿಸಿ ಬಸ್ಸೊಂದು ಹಿಂದಿಕ್ಕಿ ಹೋಗಿರುತ್ತದೆ.

ಬೆಂಗಳೂರಿನಲ್ಲಿ ಅಗೆಯದ ರಸ್ತೆಯಿಲ್ಲ, ಧೂಳಿಗೆ ಬರವಿಲ್ಲ. ಕೆಂಪು ಫಿಲ್ಟರು ಸೋಸದೆ ಬಿಟ್ಟ ಮರಳಿನ ಕಣ ಸಿಲಿಂಡರಿನ ಗೋಡೆ ಕೆರೆಯುತ್ತದೆ. ಆಮೇಲೆ ಗಾಡಿ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತದೆ. ಆಗಲೂ ಜೆ.ಸಿ. ರಸ್ತೆಯಲ್ಲಿ ಮದ್ದಿರುತ್ತದೆ, ಬೆಲೆ ಇನ್ನೂ ಜಾಸ್ತಿ.

ಆದ್ದರಿಂದ ಎಸ್ಟೀಮ್ ಮಾಲೀಕರಲ್ಲಿ ಅರಿಕೆ: ಕಾಗದದ ಫಿಲ್ಟರನ್ನೇ ಹೊಸದು ಹಾಕಿಸಿ, ಪ್ಲಗ್ ಬದಲಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಗಾಳಿ ನಿಜಕ್ಕೂ ಕಮ್ಮಿಯಿರುವುದು ನಿಮ್ಮ ಟೈರುಗಳಲ್ಲಿ. ಅದನ್ನು ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಹೊಡೆಯುತ್ತಾರೆ.