ಸುಗ್ಗಿಗೆ ಹೋದ ಕೆಲಸ

ಸಂಕ್ರಾಂತಿಗೆ ಆದೋನಿಗೆ ಬಂದ ತಂಗಿಯ ಮಗ ಎಳ್ಳು-ಬೆಲ್ಲದ ಜೊತೆ ನನಗೊಂದು ಶಿಸ್ತನ್ನೂ ಕೊಟ್ಟುಹೋದ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ನನ್ನ ಅಂಗಿ ಜೇಬಿನಲ್ಲಿದ್ದ ಬಸ್ ಟಿಕೆಟ್ಟುಗಳ ಹಿಂದೆ ಗೀಚಿದ ಕೆಲಸಗಳನ್ನು ನೋಡಿ ಅವನಿಗೆ ಹೊಟ್ಟೆ ಚುರ್ ಎಂದಿತು. "ಮಾಮ, ಇಂಗಾದ್ರ ಹೆಂಗ? ಪ್ರತಿ ಕೆಲಸಕ್ಕೂ ಒಂದು ಪ್ರಾಜೆಕ್ಟು, ಒಂದು ಕಾಂಟೆಕ್ಸ್ಟು ಇರಬೇಕು" ಎಂದು ಫೋನಿಗೆ ಏನೋ ಇಳಿಸಿದ. ಯಾವ ದೊಡ್ಡ ಕೆಲಸದ ತುಂಡು ಅನ್ನುವುದು ಪ್ರಾಜೆಕ್ಟು. ಎಲ್ಲಿದ್ದಾಗ, ಯಾರು ಸಿಕ್ಕಾಗ, ಕೈಯಲ್ಲಿ ಏನಿದ್ದಾಗ ಮಾಡಬಹುದು ಅನ್ನುವುದು ಕಾಂಟೆಕ್ಸ್ಟು. ಡೇವಿಡ್ ಅಲೆನ್ ಎಂಬ ಅಮೆರಿಕದವರು 2001ರಲ್ಲಿ ಪುಸ್ತಕ ಬರೆದು ಜಗತ್ತಿಗೆಲ್ಲ ಹೇಳಿಕೊಟ್ಟರಂತೆ.

ನಾನು ಹುಬ್ಬೇರಿಸಲಿಲ್ಲ. ನಮ್ಮ ಹತ್ತಿ ಮಾರುಕಟ್ಟೆಯ ದಲಾಲಿ ಅಂಗಡಿಗಳಲ್ಲಿ ಕಿರ್ದಿ ಒಂದು ಕಡೆ, ಖಾತೆ ಒಂದು ಕಡೆ ಇರುತ್ತಿತ್ತು. ಬೆಳಿಗ್ಗೆಯಿಂದ ಬಂದದ್ದು, ಹೋದದ್ದು ಎಲ್ಲ ಮೊದಲು ಕಿರ್ದಿಗೆ; ಸಂಜೆ ದೀಪ ಹಚ್ಚಿದ ಮೇಲೆ ಗುಮಾಸ್ತ ಅದನ್ನು ಆಯಾ ಆಸಾಮಿಯ ಖಾತೆಗೆ ಏರಿಸುತ್ತಿದ್ದ. ಅಮೆರಿಕದವರು ಕಿರ್ದಿಗೆ ಇನ್‌ಬಾಕ್ಸ್ ಎಂದರು, ಖಾತೆಗೆ ಪ್ರಾಜೆಕ್ಟ್ ಎಂದರು, ತಿಂಗಳಿಗಿಷ್ಟು ಎಂದು ಚಂದಾ ಇಟ್ಟರು. ಗುಮಾಸ್ತನ ಸಂಬಳಕ್ಕಿಂತ ಕಡಿಮೆಯೇ, ಸುಳ್ಳು ಹೇಳಬಾರದು.

ಒಂದು ವಾರ ನಾನು ಮಾಡಿದ ಕೆಲಸ ಎಂದರೆ ಕೆಲಸಗಳನ್ನು ಜೋಡಿಸಿದ್ದು. ಹದಿನಾಲ್ಕು ಪ್ರಾಜೆಕ್ಟು, ಒಂಬತ್ತು ಕಾಂಟೆಕ್ಸ್ಟು, ಒಂದೊಂದಕ್ಕೂ ಒಂದೊಂದು ಬಣ್ಣ. ರಾತ್ರಿ ನೋಡಿಕೊಂಡರೆ ಏನೋ ಘನವಾದದ್ದು ಮುಗಿಸಿದ ತೃಪ್ತಿ. ಹೆಂಡತಿ ಮಾತ್ರ, ಮಾಳಿಗೆಗೆ ಚೌಳುಮಣ್ಣು ಹಾಕಿಸುವುದು ಏನಾಯಿತು ಎಂದು ಕೇಳಿದಳು. ಅದಕ್ಕೆ ಕಂದು ಬಣ್ಣ ಕೊಟ್ಟಿದ್ದೇನೆ ಎಂದೆ.

ತೊಡಕು ಶುರುವಾಗಿದ್ದು ಎರಡನೇ ವಾರ. ಈ ತಂತ್ರಾಂಶಕ್ಕೆ ಒಂದು ಹಟ: ಒಂದು ಕೆಲಸ ಒಂದೇ ಪ್ರಾಜೆಕ್ಟಿನಲ್ಲಿರಬೇಕು. ಆದೋನಿಯಲ್ಲಿ ಹುಟ್ಟಿದ ಕನ್ನಡಿಗನಿಗೆ ಇದನ್ನು ಹೇಳುವುದೇ? ಮೊಮ್ಮಗಳ ಜಾತಿ ಪತ್ರ ತೆಲುಗಿನಲ್ಲಿ, ಲಗ್ನಪತ್ರಿಕೆ ಕನ್ನಡದಲ್ಲಿ. ಕಲೆಕ್ಟರ್ ಕರ್ನೂಲಿನಲ್ಲಿ, ಬೀಗರು ಬಳ್ಳಾರಿಯಲ್ಲಿ, ಹರಕೆ ಮಂತ್ರಾಲಯದಲ್ಲಿ. ಗಡಿಯ ಕೆಲವು ಊರುಗಳ ಕನ್ನಡ ಶಾಲೆಯ ಮೇಷ್ಟ್ರು ಕಲಿಸುವುದು ಒಂದು ರಾಜ್ಯದ ಭಾಷೆ, ಎಣಿಸುವುದು ಇನ್ನೊಂದು ರಾಜ್ಯದ ಸಂಬಳ. ಊರಿನ ತಾಯಿಯನ್ನು ತೆಲುಗರೂ ಲಕ್ಷ್ಮಮ್ಮ ಅವ್ವ ಎಂದೇ ಕರೆಯುತ್ತಾರೆ. ಆ 'ಅವ್ವ' ಯಾವ ಪ್ರಾಜೆಕ್ಟು?

ಅಸಲಿಗೆ ನಮ್ಮ ಊರನ್ನೇ ಹೀಗೆ ಒಂದು ಸಲ ಎಳೆದು ಬೇರೆ ಖಾನೆಗೆ ಬಿಟ್ಟಿದ್ದಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ, ಬಳ್ಳಾರಿ ಮೈಸೂರಿನತ್ತ. ಪ್ರಾಜೆಕ್ಟು ಬದಲಾಯಿತು, ಕಾಂಟೆಕ್ಸ್ಟು ಅಲ್ಲೇ ಉಳಿಯಿತು: ಇವತ್ತಿಗೂ ಇಲ್ಲಿಂದ ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ. ಓಮ್ನಿಫೋಕಸ್ ಎಂಬ ದುಬಾರಿ ತಂತ್ರಾಂಶದವರು ಒಂದು ಕೆಲಸಕ್ಕೆ ಒಂದೇ ಕಾಂಟೆಕ್ಸ್ಟು ಸಾಲದು ಎಂದು ಕಂಡುಕೊಂಡು, ಎಷ್ಟಾದರೂ ಟ್ಯಾಗ್ ಹಚ್ಚಿಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದು 2018ರಲ್ಲಿ. ಒಂದು ಕಾರ್ಡು ಹಾಕಿದ್ದರೆ ನಾವೇ ಹೇಳುತ್ತಿದ್ದೆವು.

'ರಾಜಧಾನಿಗೆ ಹೋದಾಗ' ಎಂದೊಂದು ಕಾಂಟೆಕ್ಸ್ಟು ಮಾಡಿದ್ದೆ. ನಮ್ಮ ರಾಯಲಸೀಮೆಯವನು ಮಾಡಬಾರದ ತಪ್ಪು ಅದು. 1953ರಿಂದ 56ರವರೆಗೆ ಕರ್ನೂಲೇ ರಾಜಧಾನಿ. ಆಮೇಲೆ ಹೈದರಾಬಾದು. ಆಮೇಲೆ ಅಮರಾವತಿ. 2020ರಲ್ಲಿ ಮೂರು ರಾಜಧಾನಿಗಳೆಂದು ಕಾನೂನಾಗಿ ಕರ್ನೂಲಿಗೆ ನ್ಯಾಯದ ಪಾಲು ಬಂತು. 2021ರ ನವೆಂಬರಿನಲ್ಲಿ ಆ ಕಾನೂನನ್ನೇ ಹಿಂದಕ್ಕೆ ತೆಗೆದುಕೊಂಡರು. ಈ ಬಾಕಿ ಹಳೆಯದು: ಆಂಧ್ರದ ಕರಾವಳಿ ಮತ್ತು ಸೀಮೆಯ ಮುಖಂಡರು ಮದರಾಸಿನಲ್ಲಿ ಶ್ರೀಬಾಗ್ ಒಪ್ಪಂದಕ್ಕೆ ಸಹಿ ಹಾಕಿದ್ದು 1937ರ ನವೆಂಬರ್ 16ರಂದು. ರಾಜಧಾನಿ ಅಥವಾ ಹೈಕೋರ್ಟು, ಎರಡರಲ್ಲಿ ಒಂದು ಸೀಮೆಗೆ ಎಂದು ಅದರಲ್ಲಿ ಬರೆದಿದೆ. ಬಾಕಿ ಕೆಲಸದ ಪಟ್ಟಿ ಹೇಗಿರಬೇಕು ಎಂದು ಅಲೆನ್ ಸಾಹೇಬರು ನೋಡಬೇಕಾದರೆ ಅದನ್ನು ನೋಡಲಿ.

ನೀರಿನ ಕೆಲಸಕ್ಕೆ ಅವರಲ್ಲೊಂದು ಒಳ್ಳೆಯ ಪಟ್ಟಿಯಿದೆ, 'ಕಾಯುತ್ತಿರುವುದು' ಎಂದು. ಬೇರೆಯವರು ಮಾಡಬೇಕಾದ್ದನ್ನು ಅದರಲ್ಲಿ ಹಾಕಿ ನಾವು ನಿಶ್ಚಿಂತೆಯಿಂದಿರಬಹುದು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯನ್ನು ಅದಕ್ಕೆ ಸೇರಿಸಿದೆ. ಅಣೆಕಟ್ಟು ಕರ್ನಾಟಕದಲ್ಲಿ, ಉಸ್ತುವಾರಿ ಮಂಡಳಿಯದು, ಕಾಲುವೆ ಬಳ್ಳಾರಿ ಜಿಲ್ಲೆ ಹಾದು ಬರುವುದು, ಹೊಲ ನಮ್ಮದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಇಲ್ಲಿಯ ರೈತನ ವರ್ಷದ ಪ್ರಾಜೆಕ್ಟು ಬೇರೆ ರಾಜ್ಯದ ಒಂದು ಕೊಂಡಿಗೆ ನೇತಾಡುತ್ತಿತ್ತು. ಅದಕ್ಕೆ ಯಾವ ಬಣ್ಣ ಕೊಡಲಿ?

ಇತ್ತ ಮಾಳಿಗೆ ಕೆಲಸ ಕೆಂಪಗಾಯಿತು. ಗಡುವು ಮೀರಿತು ಎಂದು ಬೆಳಗಾದರೆ ಫೋನು ಗಂಟೆ ಬಾರಿಸುತ್ತಿತ್ತು. ಕೊನೆಗೆ ಹೆಂಡತಿಯೇ, "ಅದಕ್ಯಾಕ ಬಾಯಿ ಬಡಕಂತೈತಿ? ಆಳುಗಳು ಸುಗ್ಗಿಗೆ ಹೋಗ್ಯಾರ. ಯುಗಾದಿಗೆ ಬರ್ತಾರ. ಆವಾಗ ಹಾಕ್ಸಿದ್ರಾತು" ಎಂದಳು.

ಸುಗ್ಗಿ! ನಿಘಂಟಿನಲ್ಲಿ ಸುಗ್ಗಿ ಎಂದರೆ ಕೊಯ್ಲು, ಹಿಗ್ಗು, ಹಾಡು. ನಮ್ಮ ಪಕ್ಕದ ಕೋಸಿಗಿ ಕಡೆಯ ತೆಲುಗರೂ ಆ ಪದವನ್ನೇ ಇಟ್ಟುಕೊಂಡಿದ್ದಾರೆ, ಅರ್ಥ ಮಾತ್ರ ಬದಲಾಗಿದೆ: ಮನೆಗೆ ಬೀಗ ಜಡಿದು, ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳನ್ನು ಶಾಲೆ ಬಿಡಿಸಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುವುದು. ಅವರ ಕಾಂಟೆಕ್ಸ್ಟು ಒಂದೇ, ಕೂಲಿ ಸಿಗುವ ಊರು. ಪ್ರಾಜೆಕ್ಟೂ ಒಂದೇ, ಸಾಲ. ಇದಕ್ಕೆ ಅವರು ಯಾವ ತಂತ್ರಾಂಶವನ್ನೂ ಇಳಿಸಿಕೊಂಡಿಲ್ಲ.

ಯುಗಾದಿ ಕಳೆದ ನಾಲ್ಕನೇ ದಿನ ಆಳುಗಳು ಬಂದರು. ಮಾಳಿಗೆಗೆ ಮಣ್ಣು ಬಿತ್ತು. ಹೆಂಡತಿ ನೆನಪಿಗೆಂದು ಸೆರಗಿಗೆ ಹಾಕಿಕೊಂಡಿದ್ದ ಗಂಟು ಬಿಚ್ಚಿದಳು. ನಾನೂ ಟಿಕ್ ಮಾಡೋಣವೆಂದು ಫೋನು ತೆಗೆದೆ. 'ಮನೆ'ಯಲ್ಲಿ ಹುಡುಕಿದೆ, 'ಮಳೆಗಾಲ'ದಲ್ಲಿ ಹುಡುಕಿದೆ, 'ಆಳು ಸಿಕ್ಕಾಗ' ಎಂಬಲ್ಲೂ ನೋಡಿದೆ. ಸಿಗಲಿಲ್ಲ. ಅದು ಒಳಗೆ ಎಲ್ಲೋ ಇನ್ನೂ ಕೆಂಪಗೇ ಇದೆ.