ಹಿಂದಿನ ಸೀಟಿನ ತೀರ್ಪು

ನನ್ನ ಪೋಲೋ ಜಿಟಿ ಟಿಎಸ್‌ಐ ಎಂಜಿನ್ 1.2 ಲೀಟರ್, ಕುದುರೆಗಳು 105. ಹಿಂದಿನ ಚಕ್ರಗಳು ಮಾತ್ರ ಒಂದೇ ಟಾರ್ಷನ್ ಬೀಮ್‌ಗೆ ಕಟ್ಟಿಕೊಂಡ ಅವಿಭಕ್ತ ಕುಟುಂಬ: ಎಡದವನು ಗುಂಡಿಗಿಳಿದರೆ ಬಲದವನಿಗೂ ಸೂತಕ.

'ಹಿಂದೆ ಗಟ್ಟಿ ಸ್ಪ್ರಿಂಗು, ಹೊಸ ಡ್ಯಾಂಪರ್ ಹಾಕ್ಸಿ ಸಾರ್, ಆಗುಂಬೆ ಘಾಟಿಯಲ್ಲಿ ಬಾಲ ಹೇಳಿದಂಗೆ ಕೇಳುತ್ತೆ' ಅಂದ ಮೆಕ್ಯಾನಿಕ್. ಕೇಳುತ್ತೆ, ನಿಜ. ಆದರೆ ಆಗುಂಬೆಗೆ ಹೋಗುವುದು ವರ್ಷಕ್ಕೊಮ್ಮೆ, ಸಿಲ್ಕ್ ಬೋರ್ಡಿಗೆ ದಿನವೂ. ಅಲ್ಲಿ ವಾಲುವಷ್ಟು ವೇಗ ಬಂದರೆ ಹಬ್ಬವೇ!

ಮೊನ್ನೆ ಬಣ್ಣ ಬಳಿಯದ ಹಂಪೊಂದನ್ನು ನಾನೇ ಗಮನಿಸದೆ ಹಾರಿಸಿದೆ. ಹಿಂದೆ ಕೂತ ಅತ್ತೆಯವರ ಮಡಿಲಲ್ಲಿ ಸ್ಟೀಲ್ ಡಬ್ಬಿ ಖಣ್ ಎಂದಿತು. ಮುಚ್ಚಳ ತೆಗೆದರು, ಚಕ್ಕುಲಿಯೆಲ್ಲ ಪುಡಿ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕೇಳಿದರು, 'ಇನ್ನೂ ಗಟ್ಟಿ ಮಾಡಿಸ್ತೀರಾ?'

ಸದ್ಯಕ್ಕೆ ಒಂದು ದಿಂಬು ಕೊಂಡಿದ್ದೇನೆ.